ಹಾಸನೂರಿನ ದಾರಿಬದಿಯಲ್ಲಿ ಒಂದು ಹನಿ ಮೀನಿನ ರಕ್ತ

ಬಣ್ಣಾರಿ ಚೆಕ್‌ಪೋಸ್ಟಿನ ಗೇಟು ಬೆಳಗ್ಗೆ ಆರಕ್ಕೆ ತೆರೆಯುತ್ತದೆ. ಕಾಡುಪ್ರಾಣಿಗಳ ಸಾವು ತಪ್ಪಿಸಲೆಂದು ದಿಂಬಂ ಘಾಟಿಯ ರಾತ್ರಿ ಸಂಚಾರಕ್ಕೆ 2022ರ ಫೆಬ್ರುವರಿಯಿಂದ ಕಡಿವಾಣ ಬಿದ್ದಿದೆ. ಹೀಗಾಗಿ ಕತ್ತಲಲ್ಲಿ ಸಾಲುಗಟ್ಟಿದ ಲಾರಿಗಳೆಲ್ಲ ಬೆಳಕು ಹರಿದ ಮೇಲೆ ಒಂದರ ಹಿಂದೊಂದು 27 ತಿರುವುಗಳನ್ನು ಏರುತ್ತವೆ. ಆ ಲಾರಿಗಳ ನಡುವೆ ನುಸುಳಿಕೊಂಡು ಮೀನಿನ ಗಾಡಿಯೊಂದು ಬರುತ್ತದೆ. ಹಿಂದುಗಡೆ ಐಸು ತುಂಬಿದ ಪೆಟ್ಟಿಗೆ, ಪಕ್ಕದಲ್ಲಿ ನೀರು ತುಳುಕುವ ನೀಲಿ ಡ್ರಮ್ಮು. ಅದು ಹಾಸನೂರು ಮುಟ್ಟುವ ಹೊತ್ತಿಗೆ ಮಂಜು ಇನ್ನೂ ರಸ್ತೆಯಿಂದ ಎದ್ದಿರುವುದಿಲ್ಲ. ನಾನು ಕಾಯುತ್ತಿದ್ದುದು ಆ ಡ್ರಮ್ಮಿಗಾಗಿ.

ಜೊತೆಗೆ ಬಂದಿದ್ದವರು ನಮ್ಮ ಮೇಷ್ಟ್ರು. ಬದುಕಿನ ಬಹುಪಾಲು ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಅವರ ಕೈಚೀಲದಲ್ಲಿ ಒಂದು ಹಳೆಯ ಸೂಕ್ಷ್ಮದರ್ಶಕ. ಅದಕ್ಕೆ ಕರೆಂಟು ಬೇಡ, ಕೆಳಗಿರುವ ಪುಟ್ಟ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದರೆ ಸಾಕು. ಬಟ್ಟೆಯಲ್ಲಿ ಸುತ್ತಿದ ಗಾಜಿನ ಪಟ್ಟಿಗಳು, ನೀಲಿ-ನೇರಳೆ ಬಣ್ಣದ ಒಂದು ಸೀಸೆ, ಹೊಸ ಸಿರಿಂಜುಗಳು. ಬಸ್ಸಿನಲ್ಲಿ ಚೀಲವನ್ನು ಮೊಮ್ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡೇ ಬಂದರು.

ಹಾಸನೂರು ದೊಡ್ಡ ಊರಲ್ಲ. ಸತ್ಯಮಂಗಲದಿಂದ ಚಾಮರಾಜನಗರಕ್ಕೆ ಹೋಗುವ ಹೆದ್ದಾರಿಯ ಎರಡೂ ಮಗ್ಗುಲಲ್ಲಿ ಟೀ ಅಂಗಡಿ, ಹೋಟೆಲು, ಅರಣ್ಯ ಇಲಾಖೆಯ ಕಟ್ಟಡಗಳು. ಬೋರ್ಡುಗಳೆಲ್ಲ ತಮಿಳಿನಲ್ಲಿ, ಬೆಂಚಿನ ಮೇಲಿನ ಮಾತು ಕನ್ನಡದಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಸೀಮೆ ಮದ್ರಾಸಿನಲ್ಲೇ ಉಳಿಯಿತು. 1979ರಲ್ಲಿ ಈರೋಡು ಜಿಲ್ಲೆಯಾದಾಗ ಅದರ ಪಾಲಿಗೆ ಬಂತು. ಸುತ್ತಲಿನ ಕಾಡಿಗೆ 2013ರಲ್ಲಿ ಸತ್ಯಮಂಗಲ ಹುಲಿ ಮೀಸಲು ಎಂಬ ಹೆಸರು ಬಂತು. ಸೋಲಿಗರ, ಊರಾಳಿಗರ ಹಾಡಿಗಳು ಈ ಕಾಡಿನೊಳಗೇ ಇವೆ. ಇಲ್ಲಿನವರು ತಮಿಳರ ಹತ್ತಿರ ತಮಿಳು ಆಡುತ್ತಾರೆ, ಮನೆಯಲ್ಲಿ ಚಾಮರಾಜನಗರದ ಕನ್ನಡ. ಮೀನಿನ ಹೆಸರುಗಳು ಮಾತ್ರ ಕೆಳಗಿನ ಬಯಲಿನಿಂದ ಮೀನಿನ ಜೊತೆಗೇ ಹತ್ತಿ ಬಂದಿವೆ: ಜಿಲೇಬಿ, ವಿರಾಲ್.

ಜಿಲೇಬಿ ಎಂದರೆ ತಿಲಾಪಿಯಾ. ವಿರಾಲ್ ಎಂದರೆ ಹಾವಿನ ತಲೆಯಂಥ ತಲೆಯುಳ್ಳ, ಮೀನುಗಾರಿಕೆ ಪುಸ್ತಕಗಳು ಮುರ್ರೆಲ್ ಎನ್ನುವ ಮೀನು. ಕಿವಿರಿನ ಮೇಲ್ಗಡೆ ಗಾಳಿ ಹಿಡಿದಿಟ್ಟುಕೊಳ್ಳುವ ಗೂಡು ಇರುವುದರಿಂದ ಅದು ನೀರಿನ ಮೇಲೆ ಮೂತಿ ಚಾಚಿ ಉಸಿರಾಡಬಲ್ಲದು. ಸ್ವಲ್ಪ ನೀರಿನ ಡ್ರಮ್ಮಿನಲ್ಲಿ ಘಾಟಿ ಹತ್ತಿ ಬಂದರೂ ಬದುಕಿರುತ್ತದೆ. ನಮಗೆ ಬೇಕಾಗಿದ್ದುದೂ ಅದೇ, ಬದುಕಿರುವ ಮೀನು. ಐಸಿನ ಮೀನಿನ ರಕ್ತ ಹೆಪ್ಪುಗಟ್ಟಿ ಕಣಗಳು ಒಡೆದುಹೋಗಿರುತ್ತವೆ, ಅದರಲ್ಲಿ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ. ಊರಂಚಿನ ಹಳ್ಳದಲ್ಲಿ ಮೀನಿದೆಯಲ್ಲ ಎಂದು ಕೇಳಬಹುದು. ಹುಲಿ ಮೀಸಲಿನ ಹಳ್ಳಕ್ಕೆ ಬಲೆಯಾಗಲಿ ಗಾಳವಾಗಲಿ ಹಾಕುವಂತಿಲ್ಲ. ಹಾಕಲೂಬಾರದು.

ಗಾಡಿ ನಿಂತಿತು. ಗಂಡ ತಕ್ಕಡಿ ಇಳಿಸಿದ, ಹೆಂಡತಿ ಕತ್ತಿಮಣೆ ಹಾಕಿಕೊಂಡು ಕೂತಳು. ನಾವು ಒಂದು ವಿರಾಲ್ ಕೊಂಡೆವು. ಕೊಯ್ಯುವುದಕ್ಕೆ ಮೊದಲು ಒಂದೆರಡು ಹನಿ ರಕ್ತ ತೆಗೆದುಕೊಳ್ಳುತ್ತೇವೆ ಎಂದು ಮೇಷ್ಟ್ರು ಹೇಳಿದಾಗ ಆಕೆ ಕತ್ತಿ ಬಿಟ್ಟು ತಲೆಯೆತ್ತಿದಳು.

“ಅಯ್ಯ, ರಕ್ತ ಯಾಕ್ ಸಾ? ನಾವು ತೊಳ್ದು ಚೆಲ್ಲೋದು.”

“ಅದನ್ನ ನೋಡಕ್ಕೇ ಬಂದಿರೋದು ಕಣವ್ವಾ. ನಿಂಗೂ ತೋರಿಸ್ತೀನಿ, ಇರು.”

ಬಟ್ಟಲಿನ ನೀರಿಗೆ ಎರಡು ಹನಿ ಲವಂಗದ ಎಣ್ಣೆ ಕದಡಿ ಮೀನನ್ನು ಅದರಲ್ಲಿ ಬಿಟ್ಟರು. ಲವಂಗದ ಎಣ್ಣೆ ಮೀನಿಗೆ ಮತ್ತು ಬರಿಸುತ್ತದೆ. ಒದ್ದಾಟ ನಿಂತ ಮೇಲೆ ಬಾಲದ ಬುಡದಲ್ಲಿ, ಬೆನ್ನುಮೂಳೆಯ ಕೆಳಗೆ ಹರಿಯುವ ರಕ್ತನಾಳಕ್ಕೆ ಸೂಜಿ ಚುಚ್ಚಿದರು. ಸಿರಿಂಜಿನೊಳಗೆ ಗಾಢ ಕೆಂಪು ಗೆರೆಯೊಂದು ಏರಿತು. ಮೀನಿನ ಮೈಯಲ್ಲಿರುವ ರಕ್ತವೇ ಕಡಿಮೆ. ನಮ್ಮ ತೂಕದಲ್ಲಿ ರಕ್ತದ ಪಾಲು ನೂರಕ್ಕೆ ಏಳೆಂಟು, ಹೆಚ್ಚಿನ ಮೀನುಗಳಲ್ಲಿ ಮೂರರಿಂದ ಐದು. ಆದರೆ ನಮಗೆ ಬೇಕಿದ್ದುದು ಒಂದು ಹನಿ. ಟೀ ಅಂಗಡಿಯವರು ಕೊಟ್ಟ ಮೇಜಿನ ಮೇಲೆ ಗಾಜಿನ ಪಟ್ಟಿಯ ತುದಿಗೆ ಆ ಹನಿಯನ್ನಿಟ್ಟು, ಇನ್ನೊಂದು ಪಟ್ಟಿಯ ಅಂಚಿನಿಂದ ಒಂದೇ ಎಳೆತಕ್ಕೆ ಹರಡಿದರು. ದೋಸೆಕಲ್ಲಿನ ಮೇಲೆ ಹಿಟ್ಟು ಎಳೆದಷ್ಟೇ ನಿರಾಯಾಸವಾಗಿತ್ತು ಆ ಕೈ. ಪಟ್ಟಿಯ ತುದಿಯಲ್ಲಿ ಲೇಪ ನಾಲಗೆಯಂತೆ ತೆಳ್ಳಗಾಯಿತು. ಆಮೇಲೆ ತಮ್ಮ ಉಂಗುರ ಬೆರಳನ್ನು ಬೇರೆ ಹೊಸ ಸೂಜಿಯಿಂದ ಚುಚ್ಚಿಕೊಂಡು ಎರಡನೆಯ ಪಟ್ಟಿಯನ್ನೂ ಮಾಡಿದರು. “ಪಕ್ಕದಲ್ಲಿ ನಮ್ಮದೂ ಇರಬೇಕು, ಇಲ್ಲದಿದ್ದರೆ ಮೀನಿನದು ಎಂಥದೆಂದು ತಿಳಿಯೋದಿಲ್ಲ” ಎಂದರು.

ಆರಿದ ಲೇಪದ ಮೇಲೆ ಲೀಶ್ಮನ್ ಬಣ್ಣ ಸುರಿದು ಎರಡು ನಿಮಿಷ ಬಿಟ್ಟರು. ಬಳಿಕ ಅದರ ಎರಡರಷ್ಟು ಶುದ್ಧ ನೀರು ಬೆರೆಸಿ ಹತ್ತು ನಿಮಿಷ. ವಿಲಿಯಂ ಲೀಶ್ಮನ್ ಎಂಬ ಬ್ರಿಟಿಷ್ ಸೇನೆಯ ವೈದ್ಯ 1901ರಲ್ಲಿ ಹದಮಾಡಿದ ಈ ಬಣ್ಣ ಇವತ್ತಿಗೂ ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ಮಲೇರಿಯಾ ಹುಡುಕಲು ಬಳಕೆಯಲ್ಲಿದೆ. ಅದರಲ್ಲಿ ಕೆಂಪು, ನೀಲಿ ಎರಡು ಬಗೆಯ ಬಣ್ಣಗಳಿವೆ. ಕೋಶದ ಯಾವ ಭಾಗಕ್ಕೆ ಯಾವುದು ಒಗ್ಗುತ್ತದೋ ಅದನ್ನು ಹೀರಿಕೊಳ್ಳುತ್ತದೆ. ಹೀಗೆ ಬಣ್ಣದ ಒಲವಿನಿಂದಲೇ ರಕ್ತಕಣಗಳ ಜಾತಿ ಗುರುತಿಸಬಹುದೆಂದು 19ನೆಯ ಶತಮಾನದ ಕೊನೆಯಲ್ಲಿ ತೋರಿಸಿಕೊಟ್ಟವರು ಜರ್ಮನಿಯ ಪಾಲ್ ಎರ್ಲಿಕ್.

ಅಷ್ಟರಲ್ಲಿ ಮೋಡ ಬಿತ್ತು. ಸೂರ್ಯನಿಲ್ಲದೆ ಕನ್ನಡಿ ಕುರುಡು. ಇನ್ನೊಂದು ಟೀ ಕುಡಿದೆವು. ಕಬ್ಬಿನ ಲಾರಿಯೊಂದು ಹಾದು ಹೋಯಿತು, ಅದನ್ನು ಕರಪಳ್ಳಂ ಹತ್ತಿರ ಆನೆ ಅಡ್ಡಗಟ್ಟುವುದೋ ಇಲ್ಲವೋ ಎಂದು ಬೆಂಚಿನವರು ಮಾತಾಡಿಕೊಂಡರು. ಮತ್ತೆ ಬಿಸಿಲು ಬಂತು.

ಮೊದಲು ಮೇಷ್ಟ್ರ ರಕ್ತ ನೋಡಿದೆ. ನಾವೆಲ್ಲ ಶಾಲೆಯಲ್ಲಿ ಬರೆದ ಚಿತ್ರವೇ: ದುಂಡನೆಯ, ನಡುವೆ ತಗ್ಗಾದ ತಿಳಿಗೆಂಪು ಬಿಲ್ಲೆಗಳು, ಒಳಗೆ ಏನೂ ಇಲ್ಲ. ಆಮೇಲೆ ವಿರಾಲಿನ ಪಟ್ಟಿ ಬಂತು. ಕಣ್ಣು ತುಂಬ ಮೊಟ್ಟೆಯಾಕಾರದ ಕಣಗಳು. ಒಂದೊಂದರ ನಡುವೆಯೂ ಗಾಢ ನೇರಳೆಯ ಒಂದು ಬೀಜ, ಸೀಬೆಯ ತಿರುಳಿನಲ್ಲಿ ಕೂತ ಬೀಜದ ಹಾಗೆ. ಸಾವಿರಾರು ಕಣ, ಸಾವಿರಾರು ಬೀಜ. ನಾನು ಮಸೂರದಿಂದ ಕಣ್ಣು ತೆಗೆಯಲೇ ಇಲ್ಲ.

ಆ ಬೀಜವೇ ಕೋಶಕೇಂದ್ರ. ನಮ್ಮ ಕೆಂಪು ಕಣಗಳು ಅಸ್ಥಿಮಜ್ಜೆಯಲ್ಲಿ ಹುಟ್ಟುವಾಗ ಅವಕ್ಕೂ ಕೋಶಕೇಂದ್ರ ಇರುತ್ತದೆ. ಬಲಿತು ಹೊರಗೆ ಬರುವ ಮೊದಲು ಅದನ್ನು ಹೊರಗೆಸೆದು ಹಿಮೋಗ್ಲೋಬಿನ್ ತುಂಬಿದ ಚೀಲವಾಗಿ ಸುಮಾರು 120 ದಿನ ದುಡಿದು ಮುಗಿಯುತ್ತವೆ. ಹಾಗೆ ಎಸೆಯುವುದು ಸ್ತನಿಗಳ ಪದ್ಧತಿ. ಒಂಟೆಯ ಕೆಂಪು ಕಣ ಮೀನಿನದರಂತೆ ಉದ್ದುದ್ದ ಇದ್ದರೂ ಅದರೊಳಗೂ ಕೋಶಕೇಂದ್ರವಿಲ್ಲ. ಮೀನು, ಕಪ್ಪೆ, ಹಾವು, ಹಕ್ಕಿಗಳು ಮಾತ್ರ ಅದನ್ನು ಕೊನೆಯವರೆಗೂ ಇಟ್ಟುಕೊಂಡಿರುತ್ತವೆ. ಹಾಲೆಂಡಿನ ಲೇವನ್‌ಹುಕ್ ಶತಮಾನಗಳ ಹಿಂದೆಯೇ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಸಾಲ್ಮನ್ ಮೀನಿನ ರಕ್ತ ನೋಡಿ, ಕಣದ ನಡುವೆ ಬೆಳಗುವ ಚುಕ್ಕಿಯೊಂದಿದೆ ಎಂದು ಬರೆದಿಟ್ಟ. ಕೋಶಕೇಂದ್ರ ಎಂಬ ಮಾತೇ ಆಗ ಇನ್ನೂ ಹುಟ್ಟಿರಲಿಲ್ಲ.

ಗಾತ್ರದಲ್ಲೂ ಅಂತರವಿದೆ. ನಮ್ಮ ಕಣದ ಅಗಲ ಏಳೂವರೆ ಮೈಕ್ರಾನಿನ ಆಸುಪಾಸು. ಗೆಂಡೆ ಜಾತಿಯ ಮೀನುಗಳ ಕಣ ಹತ್ತರಿಂದ ಹದಿನಾಲ್ಕು ಮೈಕ್ರಾನು ಉದ್ದ. ಕಣ ದೊಡ್ಡದಾದ ಮೇಲೆ ಲೆಕ್ಕ ಕಡಿಮೆ. ಒಂದು ಘನ ಮಿಲಿಮೀಟರು ರಕ್ತದಲ್ಲಿ ನಮಗೆ ಸುಮಾರು 50 ಲಕ್ಷ ಕೆಂಪು ಕಣಗಳಿದ್ದರೆ ಗೆಂಡೆಗೆ 10ರಿಂದ 20 ಲಕ್ಷ. ವಿರಾಲಿನಂತೆ ಗಾಳಿ ನುಂಗುವ ಮೀನುಗಳಲ್ಲಿ ಎಣಿಕೆ ಇದಕ್ಕಿಂತ ಹೆಚ್ಚು. ಕೆಸರು ನೀರಿನಲ್ಲಿ ಆಮ್ಲಜನಕ ಕಮ್ಮಿ, ಸಿಕ್ಕಾಗ ತುಂಬಿಟ್ಟುಕೊಳ್ಳಬೇಕು.

ಇಷ್ಟನ್ನು ಎಣಿಸುವುದಾದರೂ ಹೇಗೆ? ಆಸ್ಪತ್ರೆಯ ಯಂತ್ರ ಇಲ್ಲಿ ಕೈಕೊಡುತ್ತದೆ ಎಂದು ಮೇಷ್ಟ್ರು ವಿವರಿಸಿದರು. ಮನುಷ್ಯನ ಬಿಳಿ ಕಣ ಎಣಿಸುವಾಗ ಯಂತ್ರ ಕೆಂಪು ಕಣಗಳನ್ನೆಲ್ಲ ಕರಗಿಸಿ, ಉಳಿದದ್ದನ್ನು ಬಿಳಿ ಎಂದು ಲೆಕ್ಕ ಹಿಡಿಯುತ್ತದೆ. ಮೀನಿನ ಕೆಂಪು ಕಣ ಕರಗಿದರೂ ಬೀಜ ಉಳಿಯುತ್ತದೆ, ಯಂತ್ರ ಅದನ್ನೂ ಬಿಳಿಯ ಲೆಕ್ಕಕ್ಕೆ ಸೇರಿಸುತ್ತದೆ. ಆದ್ದರಿಂದ ಮೀನಿನ ರಕ್ತವನ್ನು ಇಂದಿಗೂ ಗೆರೆ ಕೊರೆದ ಗಾಜಿನ ಕೋಣೆಯ ಮೇಲೆ, ಚೌಕದಿಂದ ಚೌಕಕ್ಕೆ, ಮನುಷ್ಯನ ಕಣ್ಣೇ ಎಣಿಸಬೇಕು. ಮೇಷ್ಟ್ರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಣಿಸುತ್ತಿದ್ದ ರೀತಿಯೂ ಇದೇ. ಅದನ್ನು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ನನಗದು ನ್ಯಾಯವಾದ ಹೆಮ್ಮೆಯೆಂದೇ ತೋರಿತು.

ಸಿರಿಂಜಿನಲ್ಲಿ ಉಳಿದ ರಕ್ತ ಆಗಲೇ ಹೆಪ್ಪುಗಟ್ಟಿತ್ತು. ಹೆಪ್ಪುಗಟ್ಟಿಸುವ ಕಣಗಳನ್ನು ತೋರಿಸುವುದಕ್ಕೆ ಮೇಷ್ಟ್ರು ಎಣ್ಣೆ ಹಾಕಿ ನೋಡುವ ದೊಡ್ಡ ಮಸೂರ ಇಳಿಸಿದರು. ನಮ್ಮಲ್ಲಿ ಈ ಕೆಲಸ ಮಾಡುವುದು ಪ್ಲೇಟ್‌ಲೆಟ್‌ಗಳು. ಡೆಂಗಿ ಜ್ವರ ಬಂದ ಮನೆಯವರಿಗೆಲ್ಲ ಆ ಹೆಸರು ಗೊತ್ತು. ಅವು ಪೂರ್ತಿ ಕೋಶಗಳಲ್ಲ, ಮಜ್ಜೆಯ ದೊಡ್ಡ ಕೋಶವೊಂದರಿಂದ ಉದುರಿದ ಚೂರುಗಳು. ಮೀನಿನಲ್ಲಿ ಅವುಗಳ ಜಾಗದಲ್ಲಿ ಇಡಿಯ ಕೋಶವೇ ಇದೆ, ಅದಕ್ಕೂ ಬೀಜವಿದೆ. ಹೆಸರು ಥ್ರಾಂಬೊಸೈಟ್. ನೇಯುವವರ ಲಾಳಿಯಂತೆ ಎರಡೂ ತುದಿ ಚೂಪು, ಬೀಜದ ಸುತ್ತ ಬಣ್ಣವೇ ಹಿಡಿಯದ ತಿಳಿಯಾದ ಪೊರೆ. ಒಂಟಿಯಾಗಿ ಸಿಗುವುದು ಅಪರೂಪ, ಮೂರು ನಾಲ್ಕು ಅಂಟಿಕೊಂಡೇ ಇರುತ್ತವೆ. ನೀರಿನೊಳಗೆ ಗಾಯವಾದರೆ ರಕ್ತ ಒಣಗಿ ನಿಲ್ಲುವ ದಾರಿಯಿಲ್ಲ. ಅಲ್ಲಿ ಬೇಗ ಹೆಪ್ಪುಗಟ್ಟಿದ್ದು ಬದುಕುತ್ತದೆ.

ಕಲಿಯುವವರು ಎಡವುವುದು ಇಲ್ಲಿ. ಥ್ರಾಂಬೊಸೈಟ್ ಒಮ್ಮೊಮ್ಮೆ ದುಂಡಗಾಗಿಬಿಡುತ್ತದೆ, ಆಗ ಅದು ಲಿಂಫೋಸೈಟಿನಂತೆಯೇ ಕಾಣುತ್ತದೆ. ನಾನು ಮೂರು ಸಲ ತಪ್ಪು ಹೇಳಿದೆ. “ಅಂಚು ನೋಡು” ಎಂದರು ಮೇಷ್ಟ್ರು. “ಬೀಜದ ಸುತ್ತ ನೀಲಿ ದಾರ ಸುತ್ತಿದಂತಿದ್ದರೆ ಲಿಂಫೋಸೈಟ್. ಏನೂ ಇಲ್ಲದೆ ಬೆಳ್ಳಗಿದ್ದರೆ ಥ್ರಾಂಬೊಸೈಟ್.” ನಾಲ್ಕನೆಯ ಸಲ ಸರಿ ಹೇಳಿದೆ.

ಬಿಳಿ ಕಣಗಳಲ್ಲಿ ಹೆಚ್ಚಿನ ಮೀನುಗಳಿಗೆ ಲಿಂಫೋಸೈಟೇ ಬಹುಸಂಖ್ಯಾತ. ರೋಗಾಣುವಿನ ಗುರುತು ನೆನಪಿಟ್ಟುಕೊಂಡು ಪ್ರತಿಕಾಯ ತಯಾರಿಸುವ ಪಂಗಡವಿದು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಈ ವಿದ್ಯೆ ಕಾಣಿಸಿಕೊಂಡದ್ದು ಮೀನುಗಳ ಕಾಲದಲ್ಲೇ. ಅಲ್ಲೊಂದು ಇಲ್ಲೊಂದು ದೊಡ್ಡ ಮಾನೊಸೈಟ್ ಕಂಡಿತು, ಹುರುಳಿಕಾಳಿನಂತೆ ಬಾಗಿದ ಬೀಜ, ಬೂದಿ ನೀಲಿ ಮೈ. ರಕ್ತದಿಂದ ಅಂಗಾಂಶಕ್ಕೆ ಇಳಿದ ಮೇಲೆ ರೋಗಾಣುವನ್ನು ನುಂಗುವ ಕೆಲಸ ಇದರದು. ಹಾಗೆ ನುಂಗುವುದನ್ನು ನಕ್ಷತ್ರಮೀನಿನ ಮರಿಯಲ್ಲಿ ಮೊದಲು ಕಂಡ ರಷ್ಯದ ಮೆಚ್ನಿಕಾಫ್ 1908ರಲ್ಲಿ ಎರ್ಲಿಕ್ ಜೊತೆ ನೊಬೆಲ್ ಹಂಚಿಕೊಂಡರು. ಉಳಿದವು ಹರಳುಗಣಗಳು. ನ್ಯೂಟ್ರೊಫಿಲ್ ಸುಲಭವಾಗಿ ಸಿಕ್ಕಿತು. ಕೆಂಪು ಹರಳಿನ ಇಯೊಸಿನೊಫಿಲ್ ಮತ್ತು ಗಾಢ ನೀಲಿ ಹರಳಿನ ಬೇಸೊಫಿಲ್ ಮೀನಿನ ಜಾತಿಗೆ ತಕ್ಕಂತೆ ಇರಬಹುದು, ಇಲ್ಲದಿರಬಹುದು. ಕೆಲವು ಮೀನುಗಳ ರಕ್ತದಲ್ಲಿ ಬೇಸೊಫಿಲ್ ಹುಡುಕಿದರೂ ಸಿಗುವುದಿಲ್ಲ. ಶಾರ್ಕುಗಳಲ್ಲಂತೂ ಹರಳುಗಣಗಳ ಬಗೆ ಎಷ್ಟಿವೆಯೆಂದರೆ, ಮನುಷ್ಯನ ರಕ್ತಕ್ಕೆ ಇಟ್ಟ ಹೆಸರುಗಳು ಅವುಗಳಿಗೆ ಸರಿಯಾಗಿ ಹೊಂದುವುದೇ ಇಲ್ಲ.

ಮೀನು ಕೊಯ್ಯುತ್ತಿದ್ದ ಆ ತಾಯಿ ಅಷ್ಟರಲ್ಲಿ ನಮ್ಮ ವಿರಾಲನ್ನು ಸೀಳಿದ್ದಳು. ಮೇಷ್ಟ್ರು ಎದ್ದು ಹೋಗಿ, ಕರುಳು ತೆಗೆದ ಹೊಟ್ಟೆಯೊಳಗೆ ಬೆನ್ನುಮೂಳೆಗೆ ಅಂಟಿದ್ದ ಕಂದುಗೆಂಪು ಪಟ್ಟೆಯ ತಲೆಯ ಕಡೆಯ ಭಾಗವನ್ನು ಬೆರಳಿಟ್ಟು ತೋರಿಸಿದರು.

“ಇದನ್ನ ಏನಂತೀರವ್ವಾ?”

“ಕಟ್ಟ್ ರಕ್ತ ಅಂತೀವಿ ಸಾ. ಉಗುರಲ್ಲಿ ಕೆರ್ದು ತೆಗೀಬೇಕು. ಇಲ್ಲಾಂದ್ರೆ ಸಾರು ನಾತ ಬರ್ತದೆ.”

ಕಟ್ಟ್ ರಕ್ತ! ನೂರಾರು ಮೀನು ಕೊಯ್ದ ಕೈ ಇಟ್ಟ ಹೆಸರು ಸತ್ಯಕ್ಕೆ ಎಷ್ಟು ಹತ್ತಿರ. ಮೀನಿನ ಮುಳ್ಳಿನಲ್ಲಿ ರಕ್ತ ಹುಟ್ಟಿಸುವ ಮಜ್ಜೆ ಇಲ್ಲ. ಆ ಕೆಲಸವನ್ನು ವಹಿಸಿಕೊಂಡಿರುವುದು ಮೂತ್ರಪಿಂಡದ ಮುಂಭಾಗ, ಮೀನುಶಾಸ್ತ್ರದವರು ತಲೆ ಮೂತ್ರಪಿಂಡ ಎನ್ನುವ ಇದೇ ಪಟ್ಟೆ. ಜೊತೆಗೆ ಗುಲ್ಮ, ಕಿವಿರಿನ ಬಳಿಯ ಥೈಮಸ್. ನಮ್ಮಲ್ಲಿ ಎಲುಬಿನೊಳಗೆ ಅಡಗಿದ ಕಾರ್ಖಾನೆ ಮೀನಿನಲ್ಲಿ ಬೆನ್ನಿನ ಕೆಳಗೆ ಬಯಲಾಗಿಯೇ ಇದೆ. ದಿನವೂ ಕೆರೆದು ಚೆಲ್ಲುವುದು ಅದನ್ನೇ. ಮೇಷ್ಟ್ರು ವಿವರಿಸಿದಾಗ ಆಕೆ ಕೈ ತೊಳೆದು ಬಂದು ಮಸೂರಕ್ಕೆ ಕಣ್ಣಿಟ್ಟಳು. ತುಂಬ ಹೊತ್ತು ಮಾತಾಡಲಿಲ್ಲ. “ರಾಗಿ ಚೆಲ್ದಂಗದೆ” ಎಂದಳು.

ಈ ಪಟ್ಟಿಯನ್ನು ಆರೋಗ್ಯವಂತ ವಿರಾಲಿನ ರಕ್ತದ ಮಾದರಿ ಎಂದು ಯಾರಿಗೂ ತೋರಿಸಬಾರದು ಎಂದು ಮೇಷ್ಟ್ರು ಎಚ್ಚರಿಸಿದರು. 27 ತಿರುವುಗಳಲ್ಲಿ ಡ್ರಮ್ಮಿನ ಗೋಡೆಗೆ ಬಡಿಯುತ್ತ ಬಂದ ಮೀನಿದು. ಗಾಬರಿಯಾದ ಮೀನಿನ ಮೈಯಲ್ಲಿ ಕಾರ್ಟಿಸೋಲ್ ಏರುತ್ತದೆ. ಲಿಂಫೋಸೈಟುಗಳು ರಕ್ತದಿಂದ ಸರಿದುಹೋಗುತ್ತವೆ, ನ್ಯೂಟ್ರೊಫಿಲ್ ಹೆಚ್ಚುತ್ತವೆ. ಗುಲ್ಮ ಮುದುಡಿ ತಾನು ಕೂಡಿಟ್ಟ ಕೆಂಪು ಕಣಗಳನ್ನು ಹೊರಗೆ ತಳ್ಳುತ್ತದೆ, ರಕ್ತ ಮಂದವಾಗುತ್ತದೆ, ಬೇಗ ಹೆಪ್ಪುಗಟ್ಟುತ್ತದೆ. ಸಿರಿಂಜಿನಲ್ಲಿ ಅಷ್ಟು ಬೇಗ ಗಟ್ಟಿಯಾದ ರಕ್ತದಲ್ಲಿ ದಿಂಬಂ ಘಾಟಿಯ ಪಾಲೂ ಇದ್ದಿರಬೇಕು. ಹೊಂಡದಲ್ಲಿ ಮೀನು ಸಾಕುವ ರೈತರಿಗೆ ಇದು ದೊಡ್ಡ ಸಂಗತಿ. ಹುಣ್ಣು, ಕೊಳೆ, ಸಾವು ಕಣ್ಣಿಗೆ ಬೀಳುವ ಮುಂಚೆಯೇ ರಕ್ತಕಣಗಳ ಪ್ರಮಾಣ ಏರುಪೇರಾಗಿರುತ್ತದೆ. 1988ರಲ್ಲಿ ಭಾರತಕ್ಕೆ ಕಾಲಿಟ್ಟ ಹುಣ್ಣುರೋಗ ವಿರಾಲ್ ಜಾತಿಯನ್ನು ದೇಶದುದ್ದಕ್ಕೂ ಕಾಡಿತು. ಅದಕ್ಕೆ ಕಾರಣ ಒಂದು ಬೂಷ್ಟಿನಂಥ ಜೀವಿ. ಅದು ಹಿಡಿದ ಮೀನಿನ ಕೆಂಪು ಕಣ ಕುಸಿಯುತ್ತದೆ.

ಲೇಪದಲ್ಲಿ ಇನ್ನೊಂದನ್ನೂ ಹುಡುಕಿದೆವು. ವಿರಾಲ್ ಮತ್ತು ಚೇಳುಮೀನಿನಂಥವುಗಳ ರಕ್ತದಲ್ಲಿ ಟ್ರಿಪನೊಸೋಮ ಎಂಬ ಪರೋಪಜೀವಿ, ಕೆಂಪು ಕಣಗಳ ನಡುವೆ ಬಳುಕುವ ನೂಲಿನಂತೆ, ಸಿಗುವುದುಂಟು. ಮೀನಿನಿಂದ ಮೀನಿಗೆ ಅದನ್ನು ಹೊತ್ತೊಯ್ಯುವುದು ಜಿಗಣೆ. ನಮ್ಮ ಪಟ್ಟಿಯಲ್ಲಿ ಅದು ಕಾಣಲಿಲ್ಲ.

ಕೆಂಪು ಕಣವೇ ಇಲ್ಲದ ಮೀನೂ ಈ ಭೂಮಿಯ ಮೇಲಿದೆ. ದಕ್ಷಿಣ ಧ್ರುವದ ಸುತ್ತಲಿನ ಕಡಲಿನ ಹಿಮಮೀನುಗಳ ರಕ್ತ ಗಂಜಿ ತಿಳಿಯಂತೆ ಬಣ್ಣಗೆಟ್ಟಿರುತ್ತದೆ, ಅದರಲ್ಲಿ ಹಿಮೋಗ್ಲೋಬಿನ್ ಇಲ್ಲ. ನಾರ್ವೆಯ ಯೋಹಾನ್ ರೂಡ್ 1954ರಲ್ಲಿ ಇದನ್ನು ಖಚಿತಪಡಿಸಿದಾಗ ವಿಜ್ಞಾನಿಗಳೇ ಬೆರಗಾದರು. ಕೊರೆಯುವ ನೀರಿನಲ್ಲಿ ಆಮ್ಲಜನಕ ಧಾರಾಳವಾಗಿ ಕರಗಿರುತ್ತದೆ. ದೊಡ್ಡ ಗುಂಡಿಗೆ, ಅಗಲವಾದ ರಕ್ತನಾಳ ಇದ್ದರೆ ಸಾಕು, ಕೂಲಿಯಾಳಿಲ್ಲದೆಯೂ ಸರಕು ಸಾಗುತ್ತದೆ. ಹಾಸನೂರಿನ ಕೆಳಗಿನ ಬಿಸಿ ಬಯಲಿನಲ್ಲಿ ಅಂಥ ಮೀನು ಒಂದು ಗಂಟೆಯೂ ಬದುಕದು.

ಮಧ್ಯಾಹ್ನ ಸೇತುವೆಯವರೆಗೆ ನಡೆದೆವು. ಹಳ್ಳದಲ್ಲಿ ಮೊಣಕಾಲುದ್ದ ನೀರು, ಬೆರಳುದ್ದದ ಮೀನುಗಳು ಹರಿವಿಗೆ ಎದುರಾಗಿ ನಿಂತಿದ್ದವು. ತಾಳವಾಡಿ ಸೀಮೆಯ ನೀರು ಹೆಚ್ಚಾಗಿ ಬಡಗಣಕ್ಕೆ ಹರಿದು, ಸುವರ್ಣಾವತಿಯಾಗಿ ಕೊಳ್ಳೇಗಾಲದ ಕಡೆ ಕಾವೇರಿ ಸೇರುತ್ತದೆ. ದಿಂಬಂ ಅಂಚಿನಿಂದ ತೆಂಕಣಕ್ಕೆ ಬಿದ್ದ ಹನಿ ಮೋಯಾರಿಗೆ ಇಳಿದು, ಭವಾನಿಸಾಗರದಲ್ಲಿ ನಿಂತು, ಭವಾನಿ ಪಟ್ಟಣದಲ್ಲಿ ಅದೇ ಕಾವೇರಿಯನ್ನು ಕೂಡುತ್ತದೆ. ಆ ಮೋಯಾರಿನಲ್ಲಿ ಕಾವೇರಿ ಕಣಿವೆಯದೇ ಆದ ಡುಬ್ಬದ ಮಹಶೀರ್ ಇನ್ನೂ ಉಳಿದಿದೆ. ಅದರ ಶಾಸ್ತ್ರೀಯ ಹೆಸರು ಟಾರ್ ರೆಮದೇವಿ ಎಂದು ಖಚಿತವಾದದ್ದೇ 2018ರಲ್ಲಿ. ಅಳಿವಿನ ಅಂಚಿಗೆ ಬಂದಿರುವ ಮೀನು.

ಈ ನೀರುಗಳ ಗುಣವನ್ನೂ ಮೀನಿನ ಕೆಂಪು ಕಣ ಹೇಳಬಲ್ಲದು. ವಿಷ ಬೆರೆತ ನೀರಿನಲ್ಲಿ ಬೆಳೆದ ಮೀನಿನ ಕಣ ವಿಭಜನೆಯಾಗುವಾಗ ವರ್ಣತಂತುವಿನ ಚೂರೊಂದು ಹಿಂದೆ ಉಳಿದು, ದೊಡ್ಡ ಬೀಜದ ಪಕ್ಕದಲ್ಲಿ ಸಾಸಿವೆಯಂಥ ಮರಿ ಬೀಜವಾಗಿ ಕೂರುತ್ತದೆ. ಸಾವಿರ ಕಣಗಳಲ್ಲಿ ಅಂಥವು ಎಷ್ಟಿವೆ ಎಂದು ಎಣಿಸಿದರೆ ನದಿ ಎಷ್ಟು ಕೆಟ್ಟಿದೆ ಎಂಬ ಅಂದಾಜು ಸಿಗುತ್ತದೆ. ಮೀನಿನ ರಕ್ತ ಚೆಲ್ಲುವ ವಸ್ತುವಲ್ಲ, ಓದುವ ವಸ್ತು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ತಾಳವಾಡಿ ಸೀಮೆಯ, ಗಡಿಯಾಚೆ ಚಾಮರಾಜನಗರದ ಕನ್ನಡ ಶಾಲೆಗಳ ವಿಜ್ಞಾನ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ರಕ್ತಕಣದ ಪಾಠಕ್ಕೆ ಮಕ್ಕಳ ಬೆರಳು ಚುಚ್ಚಬೇಡಿ. ಸಂತೆಯಲ್ಲಿ ಕೊಯ್ಯುವ ಮೀನಿನ ಒಂದು ಹನಿ ತನ್ನಿ. ಕಣ ದೊಡ್ಡದು, ಬೀಜ ಎದ್ದು ಕಾಣುತ್ತದೆ. ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್ಸ್ಕಿ 2014ರಲ್ಲಿ ಜಗತ್ತಿಗೆ ತೋರಿಸಿದ ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ ಸುಮಾರು 140 ಪಟ್ಟು ಹಿಗ್ಗಿಸುತ್ತದೆ, ಬೀಜ ನೋಡಲು ಅದೂ ಸಾಕು. ಕೈಗೆ ಗ್ಲೌಸ್ ಇರಲಿ, ಬಣ್ಣದಲ್ಲಿ ಮೆಥನಾಲ್ ಇರುವುದರಿಂದ ಅದನ್ನು ದೊಡ್ಡವರೇ ಸುರಿಯಲಿ. ಮೀನು ಕೊಯ್ದ ಕೂಡಲೇ, ಹೆಪ್ಪುಗಟ್ಟುವ ಮುಂಚೆ, ಹನಿಯನ್ನು ಗಾಜಿನ ಮೇಲೆ ಎಳೆದುಬಿಡಿ. ಒಣಗಿಸಿ, ಬಣ್ಣ ಹಾಕಿ, ಧೂಳು ತಾಕದಂತೆ ಡಬ್ಬಿಯಲ್ಲಿಟ್ಟರೆ ಆ ಪಟ್ಟಿ ಮುಂದಿನ ಹಲವು ವರ್ಷದ ಮಕ್ಕಳಿಗೂ ಆಗುತ್ತದೆ.